ಶರಾವತಿಯ ಮುಳುಗಿದ ಊರುಗಳಿಗೆ ಚರಿತ್ರೆಯಿಲ್ಲವೇ?

ಜೋಗದ ಹೆಸರನ್ನರಿಯದ ಕನ್ನಡಿಗನಿಲ್ಲ. 253 ಮೀಟರು ಎತ್ತರದಿಂದ ಧುಮುಕುವ ಆ ನಾಲ್ಕು ಧಾರೆಗಳ ವರ್ಣನೆಯನ್ನು ನಮ್ಮ ಶಾಲೆಯ ಮಕ್ಕಳು ಬಾಯಿಪಾಠವಾಗಿ ಒಪ್ಪಿಸುವರು. ಅದೇ ಮಕ್ಕಳನ್ನು, ಜೋಗದ ಮೇಲ್ಗಡೆ ನಿಂತ ನೀರಿನಡಿಯಲ್ಲಿ ಯಾವ ಯಾವ ಊರುಗಳಿದ್ದವೆಂದು ಕೇಳಿ ನೋಡಿರಿ! ಮಕ್ಕಳೂ ಸುಮ್ಮನಿರುವರು, ಮಾಸ್ತರರೂ ಸುಮ್ಮನಿರುವರು. ತಪ್ಪು ಅವರದಲ್ಲ, ಅವರ ಕೈಗೆ ಕೊಟ್ಟ ಪುಸ್ತಕದಲ್ಲಿ ಆ ಸಂಗತಿಯೇ ಇಲ್ಲ.

ತೀರ್ಥಹಳ್ಳಿ ಸೀಮೆಯ ಅಂಬುತೀರ್ಥದಲ್ಲಿ ಹುಟ್ಟಿ ಹೊನ್ನಾವರದಲ್ಲಿ ಕಡಲನ್ನು ಸೇರುವ ಈ ನದಿಯ ಉದ್ದವು ಸುಮಾರು 128 ಕಿಲೋಮೀಟರು ಮಾತ್ರ. 1956ರ ವರೆಗೆ ಅದರ ತಲೆ ಮೈಸೂರಿನಲ್ಲಿ, ಕಾಲು ಮುಂಬಯಿಯಲ್ಲಿ. ಒಂದೇ ನೀರನ್ನು ಕುಡಿದು ಒಂದೇ ನುಡಿಯನ್ನಾಡುವ ಜನರನ್ನು ಎರಡು ಸರಕಾರಗಳು ಹಂಚಿಕೊಂಡಿದ್ದವು. ನದಿಯಾದರೋ ಈ ಹಂಚಿಕೆಯನ್ನು ಎಂದೂ ಒಪ್ಪಿರಲಿಲ್ಲ. ಹದಿನಾರನೆಯ ಶತಮಾನದಲ್ಲಿ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಕಾಲಕ್ಕೆ ಘಟ್ಟದ ಮೆಣಸು ಇದೇ ಸೀಮೆಯಿಂದ ಕಡಲಿಗಿಳಿಯುತ್ತಿದ್ದಿತು. ಪೋರ್ತುಗೀಜರು ಆಕೆಯನ್ನು ಮೆಣಸಿನ ರಾಣಿಯೆಂದೇ ಕರೆದರು. 1956ರ ನವೆಂಬರ 1ರಂದು ಗಡಿಯು ಅಳಿಯಿತು. ಅದಾಗಿ ಎಂಟೇ ವರುಷಗಳಲ್ಲಿ, 1964ರಲ್ಲಿ, ಲಿಂಗನಮಕ್ಕಿಯ ಕಟ್ಟೆಯು ಮುಗಿದು ನದಿಯ ಮೇಲ್ಗಡೆಯ ಊರುಗಳೂ ಅಳಿದವು.

ನಾವು ಕಟ್ಟೆಯ ವಿರೋಧಿಗಳಲ್ಲ. ಶರಾವತಿಯ ಬೆಳಕಿಲ್ಲದೆ ನಾಡಿನ ಕಾರಖಾನೆಗಳು ನಡೆಯುತ್ತಿರಲಿಲ್ಲವೆಂಬುದನ್ನು ಬಲ್ಲೆವು. ಆದರೆ ಆ ಬೆಳಕಿಗೆ ಎಣ್ಣೆಯೆರೆದವರಾರು? ಗದ್ದೆ, ಅಡಕೆ ತೋಟ, ದೇವರ ಬನಗಳನ್ನು ಬಿಟ್ಟು, ಲಾರಿಗಳಲ್ಲಿ ಪಾತ್ರೆಪಡಗಗಳೊಡನೆ ಕಾಡಿನ ಅಂಚಿಗೆ ಇಳಿಸಲ್ಪಟ್ಟವರು. ಅವರಲ್ಲಿ ಅನೇಕರು ತಾವೇ ಕಾರಣರಾದ ವಿದ್ಯುದ್ದೀಪವನ್ನು ಕಾಣದೆ ದಶಕಗಳನ್ನು ಕಳೆದರು. ಅರುವತ್ತು ವರುಷಗಳು ಉರುಳಿದರೂ ಉಳುವ ನೆಲಕ್ಕೆ ಹಕ್ಕುಪತ್ರವಿಲ್ಲದ ಕುಟುಂಬಗಳು ಇನ್ನೂ ಇವೆ. ಹಿನ್ನೀರಿನಾಚೆ ಉಳಿದ ತುಮರಿಯ ಕಡೆಯವರು ಲಾಂಚಿನ ದಾರಿ ಕಾದು ಕಾದು ಮುದುಕರಾದರು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆಯು ತೆರೆದುದು 2025ರ ಜುಲೈ ತಿಂಗಳಿನಲ್ಲಿ!

"ಎಲ್ಲವೂ ಸರಕಾರಿ ದಫ್ತರದಲ್ಲಿದೆ, ಬೇರೆ ಚರಿತ್ರೆಯೇಕೆ?" ಎಂದು ಕೆಲವರು ಕೇಳುವರು. ದಫ್ತರದಲ್ಲಿ ಏನಿದೆ? ಸರ್ವೆ ನಂಬರು, ಎಕರೆ, ಪರಿಹಾರದ ರೂಪಾಯಿ. ದೀವರ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಪುಂಡಿನಾರಿನ ಕುಂಚದಿಂದ, ಅರೆದ ಅಕ್ಕಿಯ ಬಿಳುಪಿನಿಂದ ಬರೆಯುವ ಹಸೆ ಚಿತ್ತಾರವು ಯಾವ ದಫ್ತರದಲ್ಲಿದೆ? ಭೂಮಿ ಹುಣ್ಣಿಮೆಗೆ ಚಿತ್ತಾರದ ಬುಟ್ಟಿ ಹೊತ್ತು ಹೋಗುತ್ತಿದ್ದ ಗದ್ದೆಯ ಬದುವಿಗೆ ಸರ್ವೆ ನಂಬರು ಯಾವುದು? ಪೆಟ್ಟಿಗೆಯನ್ನು ಲಾರಿಗೆ ಹೇರಬಹುದು, ಹಸೆಗೋಡೆಯನ್ನು ಹೇರಲಾದೀತೇ? ಅದು ನಿಂತಲ್ಲಿಯೇ ಕರಗಿತು.

ಈ ಜನರ ಕಥೆಯನ್ನು ಬರೆದವರು ವಿಶ್ವವಿದ್ಯಾಲಯದ ಪಂಡಿತರಿಗಿಂತ ಮೊದಲು ಲೋಕೋಪಯೋಗಿ ಇಲಾಖೆಯ ಒಬ್ಬ ನೌಕರರು. ಶರಾವತಿ ಯೋಜನೆಯಲ್ಲಿ ದುಡಿದ ನಾ. ಡಿಸೋಜರು 'ಮುಳುಗಡೆ', 'ದ್ವೀಪ'ಗಳನ್ನು ಬರೆಯದಿದ್ದರೆ ಕನ್ನಡ ಓದುಗನಿಗೆ ಈ ಗೋಳು ತಿಳಿಯುತ್ತಲೇ ಇರಲಿಲ್ಲವೇನೋ. ಅವರೂ 2025ರ ಜನವರಿಯಲ್ಲಿ ತೀರಿಕೊಂಡರು. ಕಾದಂಬರಿಯು ದೊಡ್ಡದು, ನಿಜ. ಆದರೆ ಕಾದಂಬರಿಯೊಂದರ ಹೆಗಲ ಮೇಲೆ ಇಡೀ ಸೀಮೆಯ ನೆನಪನ್ನು ಹೊರಿಸಿ ನಾವು ಕೈ ತೊಳೆದುಕೊಳ್ಳುವುದೇ?

ನೀರು ಇಳಿದ ಬೇಸಗೆಗಳಲ್ಲಿ 1948ರ ಹಿರೇಭಾಸ್ಕರ ಕಟ್ಟೆಯು ತಲೆಯೆತ್ತುವುದುಂಟು. ಆಗ ಪೇಟೆಯಿಂದ ವಾಹನಗಳು ಸಾಲುಗಟ್ಟುವವು. ಕಟ್ಟಿದ ಇಂಜಿನಿಯರರ ಕುಶಲತೆಯನ್ನು ಕೊಂಡಾಡಿ, ಪಟ ತೆಗೆಸಿಕೊಂಡು ತಿರುಗುವರು. ಕಾಲಡಿಯ ಬಿರಿದ ಕೆಸರಿನಲ್ಲಿ ಯಾರ ಅಂಗಳವಿತ್ತೆಂದು ಕೇಳುವವರು ಎಷ್ಟು ಮಂದಿ? ಕೆಳಗಡೆ ಹೊನ್ನಾವರದ ಅಳಿವೆಯ ಕಥೆಯೂ ಹೀಗೆಯೇ. ವಿದ್ಯುದಾಗಾರಗಳಿಂದ ವರುಷವಿಡೀ ಸಿಹಿನೀರು ಹರಿದು ಉಪ್ಪು ತಗ್ಗಿ ಬಳಚು ಕ್ಷೀಣಿಸಿತು. ಅದನ್ನು ಹೆಕ್ಕಿ ಜೀವಿಸುತ್ತಿದ್ದವರ ಪಾಡನ್ನು ಲೆಕ್ಕವಿಟ್ಟವರಿಲ್ಲ. ಈಗ ಅದೇ ನದಿಯ ಮೇಲೆ 2000 ಮೆಗಾವ್ಯಾಟಿನ ಪಂಪು ಯೋಜನೆಯ ಮಾತು ನಡೆದಿದೆ. ಹಳೆಯ ಲೆಕ್ಕವನ್ನು ಚುಕ್ತಾ ಮಾಡದೆ ಹೊಸ ಸಾಲವನ್ನೆತ್ತುವ ಸಾಹುಕಾರನನ್ನು ಊರಿನವರು ನಂಬುವರೇ?

1964ರಲ್ಲಿ ಹತ್ತು ವರುಷದ ಮಗುವಾಗಿದ್ದವರಿಗೆ ಈಗ ಎಪ್ಪತ್ತು ಮೀರಿತು. ಸಾಗರ, ಹೊಸನಗರ, ತೀರ್ಥಹಳ್ಳಿ, ಶಿವಮೊಗ್ಗೆಗಳ ಉಪಾಧ್ಯಾಯ ಮಹಾಶಯರಲ್ಲಿ ನಮ್ಮ ಬಿನ್ನಹವಿಷ್ಟೆ: ಈ ಬೇಸಗೆಯ ರಜೆಯಲ್ಲಿ ಒಂದೊಂದು ನೋಟುಪುಸ್ತಕ ಹಿಡಿದು ಆ ಹಿರಿಯರ ಜಗಲಿಗೆ ಹೋಗಿರಿ. ಮುಳುಗಿದ ಊರಿನ ಹೆಸರು, ಕೆರೆ, ಬನ, ದೇವರು, ಮನೆತನ, ಹಾಡು, ಎಲ್ಲವನ್ನೂ ಅವರ ಬಾಯಿಂದಲೇ ಬರೆದುಕೊಳ್ಳಿರಿ. ಸರಕಾರದವರು ಆ ಊರುಗಳ ಹೆಸರಿನ ಪಟ್ಟಿಯನ್ನು ಅಚ್ಚು ಹಾಕಿಸಿ ಪ್ರತಿ ಶಾಲೆಗೂ ಕಳುಹಿಸಲಿ, ಪಾಠಪುಸ್ತಕದ ಜೋಗದ ಪುಟದ ಎದುರಿಗೆ ಅದನ್ನು ಸೇರಿಸಲಿ.