ಅಜ್ಜನ ಹಳೇ ಎಕ್ಸ್‌ರೇ ಎಲ್ಲಿ?

ಕಳೆದ ವರ್ಷ ನಮ್ಮಜ್ಜನ ಕೆಮ್ಮು ಏನು ಮಾಡಿದರೂ ನಿಲ್ಲಲಿಲ್ಲ. ಎಕ್ಸ್‌ರೇ ತೆಗೆಸಿದಾಗ ಬಲಗಡೆ ಶ್ವಾಸಕೋಶದಲ್ಲಿ ಶೇಂಗಾ ಬೀಜದಷ್ಟು ಬಿಳಿ ಚುಕ್ಕೆ ಕಂಡಿತು. ಕೂಡ್ಲಿಗಿ ಹತ್ತಿರದ ನಮ್ಮೂರಿನಿಂದ ಬಳ್ಳಾರಿಗೆ ಹೋಗಿ ಸಿ.ಟಿ. ಸ್ಕ್ಯಾನ್ ಮಾಡಿಸಿದೆವು. ಎಕ್ಸ್‌ರೇ ಎಂದರೆ ಇಡೀ ಎದೆಯ ಒಂದೇ ನೆರಳು. ಪಕ್ಕೆಲುಬು, ಹೃದಯದ ಹಿಂದಿನ ಸಣ್ಣ ಗಂಟು ಅದರಲ್ಲಿ ಮರೆಯಾಗಿಬಿಡುತ್ತದೆ. ಸಿ.ಟಿ. ಎದೆಯನ್ನು ತೆಳುವಾದ ಹೋಳುಗಳಾಗಿ ತೋರಿಸುತ್ತದೆ. ವರದಿಯಲ್ಲಿ ‘ನಾಡ್ಯೂಲ್’ ಎಂದಿತ್ತು. ಇಂಥ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ ಎಂದು ನಾನು ಎಷ್ಟು ಹೇಳಿದರೂ ಅವತ್ತು ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ.

ವೈದ್ಯರು ಕೇಳಿದ್ದು ಒಂದೇ: ‘ಹಳೇ ಎಕ್ಸ್‌ರೇ ಇದೆಯಾ?’

ಅಜ್ಜನಿಗೆ ಹಿಂದೆ ಟಿ.ಬಿ. ಆಗಿತ್ತು. ಆಗಿನ ಫಿಲ್ಮ್‌ನಲ್ಲೂ ಅದೇ ಚುಕ್ಕೆ, ಅಷ್ಟೇ ಗಾತ್ರದಲ್ಲಿ ಇದ್ದಿದ್ದರೆ ಅದು ವಾಸಿಯಾದ ಕಾಯಿಲೆಯ ಕಲೆ ಎಂದು ಬಹುಮಟ್ಟಿಗೆ ಹೇಳಬಹುದಿತ್ತು. ಗಟ್ಟಿ ಗಂಟು ಎರಡು ವರ್ಷ ಬೆಳೆಯದೆ ಇದ್ದರೆ ಸಾಮಾನ್ಯವಾಗಿ ಭಯವಿಲ್ಲ. ಆದರೆ 2019ರ ಡಿಸೆಂಬರ್‌ನಲ್ಲಿ ಸೂರ್ಯಗ್ರಹಣ ನೋಡಲು ಆ ಫಿಲ್ಮನ್ನು ಕತ್ತರಿಸಿದವರು ಮೊಮ್ಮಕ್ಕಳಾದ ನಾವೇ! (ಹಾಗೆ ನೋಡುವುದು ಕಣ್ಣಿಗೂ ಅಪಾಯ.) ಹೀಗಾಗಿ ಮೂರು ತಿಂಗಳು ಕಾದು ಮತ್ತೆ ಸ್ಕ್ಯಾನ್ ಮಾಡಿಸುವ ಪಾಡು.

ನಮ್ಮ ತರಗತಿಯಲ್ಲಿ ಈಗ ಎರಡು ತಂಡಗಳು ಎಐ ಬಳಸಿ ನಾಡ್ಯೂಲ್ ಹುಡುಕುವ ಪ್ರಾಜೆಕ್ಟ್ ಮಾಡುತ್ತಿವೆ. ಇದಕ್ಕೆ ಎಲ್ಲರೂ ಡೌನ್‌ಲೋಡ್ ಮಾಡಿಕೊಳ್ಳುವುದು ಅಮೆರಿಕದಲ್ಲಿ ಸಂಗ್ರಹಿಸಿದ 1,018 ಸ್ಕ್ಯಾನ್‌ಗಳನ್ನು. ಪ್ರತಿ ಸ್ಕ್ಯಾನನ್ನೂ ನಾಲ್ವರು ತಜ್ಞರು ನೋಡಿದ್ದರು. 3 ಮಿಲಿಮೀಟರ್ ಅಥವಾ ಅದಕ್ಕಿಂತ ದೊಡ್ಡ ನಾಡ್ಯೂಲ್ ಎಂದು ಒಬ್ಬರಾದರೂ ಗುರುತಿಸಿದ್ದು 2,669; ನಾಲ್ವರೂ ಒಪ್ಪಿದ್ದು 928 ಮಾತ್ರ. ತಜ್ಞರಲ್ಲೇ ಇಷ್ಟು ಭಿನ್ನಾಭಿಪ್ರಾಯ ಇರುವಾಗ ನಮ್ಮ ಪಿಪಿಟಿಯ ‘ನಿಖರತೆ’ಗೆ ಏನರ್ಥ? ಮೇಲಾಗಿ ನಮ್ಮಲ್ಲಿ ಟಿ.ಬಿ. ಕಲೆಗಳು ಅಲ್ಲಿಗಿಂತ ತೀರಾ ಸಾಮಾನ್ಯ. ಅಲ್ಲಿನ ಚಿತ್ರ ನೋಡಿ ಕಲಿತ ಪ್ರೋಗ್ರಾಂ ನಮ್ಮಜ್ಜನ ಎದೆಯನ್ನು ಸರಿಯಾಗಿ ಓದುತ್ತದೆ ಎಂದು ಹೇಗೆ ನಂಬುವುದು?

ಎಐ ಬೇಡ ಎನ್ನುತ್ತಿಲ್ಲ. ಟಿ.ಬಿ. ಪತ್ತೆಗೆ ಎದೆಯ ಎಕ್ಸ್‌ರೇ ಓದಲು ಇಂಥ ಸಾಫ್ಟ್‌ವೇರ್ ಬಳಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯೇ 2021ರಲ್ಲಿ ಹೇಳಿದೆ. ಆದರೆ ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಗೆಳೆಯರೇ, ನಮ್ಮ ತಾಲ್ಲೂಕುಗಳಲ್ಲಿ ತೆಗೆದ ಎಕ್ಸ್‌ರೇಗಳನ್ನು ರೋಗಿಯ ಒಪ್ಪಿಗೆ ಪಡೆದು, ಆಭಾ ಸಂಖ್ಯೆಗೆ ಜೋಡಿಸಿ, ಹತ್ತು ವರ್ಷದ ನಂತರವೂ ಸಿಗುವಂತೆ ಇಡುವ ಸರಳ ಸಾಫ್ಟ್‌ವೇರನ್ನು ನಾವೇಕೆ ಪ್ರಾಜೆಕ್ಟ್ ಮಾಡಬಾರದು? ಮುಂದೆ ನಮ್ಮ ಊರಿನವರ ಚಿತ್ರಗಳಿಂದಲೇ ಎಐಗೆ ಕಲಿಸಲೂ ಬಂದೀತು. ‘ಡೀಪ್ ಲರ್ನಿಂಗ್’ ಇಲ್ಲದ ಪ್ರಾಜೆಕ್ಟನ್ನು ಗೈಡ್ ಒಪ್ಪುತ್ತಾರೋ ಇಲ್ಲವೋ, ಅದು ಬೇರೆ ಮಾತು.

ಎರಡನೇ ಸ್ಕ್ಯಾನ್‌ನಲ್ಲಿ ಅಜ್ಜನ ಗಂಟು ಬೆಳೆದಿರಲಿಲ್ಲ. ಮುಂದಿನದು ಯುಗಾದಿ ಕಳೆದ ಮೇಲೆ. ಎರಡೂ ಸಿ.ಡಿ.ಗಳನ್ನು ಅಜ್ಜಿ ರೇಷನ್ ಕಾರ್ಡ್ ಇಡುವ ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದಾಳೆ.