ನಲವತ್ತರಲ್ಲೇ ಮುಪ್ಪು

ತೆರೆಯ ಮೂಲೆಯಲ್ಲಿ ಶೇಕಡಾ 40 ಎಂದು ತೋರುತ್ತಿರುವಾಗಲೇ ಲ್ಯಾಪ್‌ಟಾಪು ತಟ್ಟನೆ ಆರಿಹೋಗುವುದುಂಟು. ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದೊಡನೆ ಏನೂ ಆಗದಂತೆ ಬೆಳಗುತ್ತದೆ. ಯಂತ್ರವೇ ಕೆಟ್ಟಿತೆಂದು ಹೊಸದಕ್ಕಾಗಿ ಸಾಲವೆತ್ತಲು ಹೊರಟ ವಿದ್ಯಾರ್ಥಿಗಳನ್ನು ನಾನು ಬಲ್ಲೆ. ವಾಚಕರೇ, ತುಸು ತಾಳಿ. ಆ ನಲವತ್ತು ಕೇವಲ ಅಂದಾಜು. (ನಲವತ್ತನ್ನು ಸಮೀಪಿಸುತ್ತಿರುವ ನನಗೆ ಆ ಅಂಕಿಯ ಮೇಲೆ ಅನುಕಂಪವೂ ಉಂಟೆನ್ನಿ!) ಬ್ಯಾಟರಿಯ ಲಿಥಿಯಂ ಕೋಶವು ತುಂಬಿದಾಗ ಸುಮಾರು 4.2 ವೋಲ್ಟು, 3ರ ಆಸುಪಾಸಿಗೆ ಇಳಿದರೆ ಕೆಲಸ ನಿಂತಿತು. ಮುಪ್ಪಡರಿದ ಕೋಶದಲ್ಲಿ ಆಂತರಿಕ ರೋಧ ಏರಿರುತ್ತದೆ. ಪತ್ರ ಬರೆಯುವಷ್ಟು ಕಾಲ ಹೇಗೋ ನಡೆದೀತು. ಭಾರದ ಕೆಲಸ ಹೊರಿಸಿದೊಡನೆ, ಏರು ಹತ್ತುವ ಮುದುಕನಂತೆ, ವೋಲ್ಟು ಕುಸಿಯುತ್ತದೆ.

ವಿಂಡೋಸ್ ಯಂತ್ರವಾದರೆ ‘ಪವರ್‌ಸಿಎಫ್‌ಜಿ’ ಆಜ್ಞೆಯಿಂದ ‘ಬ್ಯಾಟರಿ ರಿಪೋರ್ಟ್’ ತೆಗೆಸಿ ನೋಡಿ. ಹೊಸದರಲ್ಲಿದ್ದ ಸಾಮರ್ಥ್ಯವೂ ಈಗ ತುಂಬುವಷ್ಟೂ ಅಲ್ಲಿ ದಾಖಲಾಗಿರುತ್ತವೆ. 50,000 ಮಿಲಿವ್ಯಾಟ್-ಅವರ್ ಇದ್ದದ್ದು 25,000ಕ್ಕೆ ಇಳಿದಿದ್ದರೆ ಸಂಶಯವೇಕೆ? ಬ್ಯಾಟರಿಯನ್ನಷ್ಟೇ ಬದಲಿಸಿ, ಸಾಲದ ಮಾತು ಬಿಡಿ. ಅಂಕಿಗಳು ಸಮೀಪವಿದ್ದರೆ, ಒಮ್ಮೆ ಪೂರ್ಣ ತುಂಬಿಸಿ, ಪೂರ್ಣ ಇಳಿಸಿ, ಮತ್ತೆ ತುಂಬಿಸಿದಲ್ಲಿ ಅಂದಾಜು ಸರಿಹೋದೀತು. ತಳ ಉಬ್ಬಿದ್ದರೆ ಮಾತ್ರ ಪರೀಕ್ಷೆಯ ಗೊಡವೆಯೇ ಬೇಡ. ಅದು ಬೆಂಕಿಯೊಡನೆ ಸರಸ. ಚಾರ್ಜು ಮಾಡದೆ, ಒತ್ತದೆ, ಚುಚ್ಚದೆ, ಬಲ್ಲವರ ಕೈಗೆ ಅದನ್ನು ಒಪ್ಪಿಸಿ.