ಗಾಯದ ಮೇಲೆ ಉಪದೇಶ

ಎರಡು ಹೆರಿಗೆಗಳ ನಂತರ ಜೋತುಬಿದ್ದ ಹೊಟ್ಟೆಯ ಚರ್ಮವನ್ನು ಶಸ್ತ್ರಚಿಕಿತ್ಸೆಯಿಂದ ಬಿಗಿಗೊಳಿಸಿಕೊಂಡ ಒಬ್ಬ ಶ್ರಾವಿಕೆಯನ್ನು ಕಲ್ಪಿಸಿಕೊಳ್ಳಬಹುದು. 'ಟಮ್ಮಿ ಟಕ್' ಎಂಬ ಹೆಸರಿನ ಈ ಚಿಕಿತ್ಸೆ ಈಗ ನಗರಗಳಲ್ಲಿ ಅಪರೂಪವೇನೂ ಅಲ್ಲ. ವರ್ಷ ಕಳೆದರೂ ಆಕೆಗೆ ನೆಮ್ಮದಿಯಿಲ್ಲ. ಹೊಕ್ಕುಳ ಕೆಳಗೆ ಸ್ಪರ್ಶಜ್ಞಾನ ಪೂರ್ತಿಯಾಗಿ ಮರಳಿಲ್ಲ. ಸೊಂಟದ ಒಂದು ಬದಿಯಿಂದ ಇನ್ನೊಂದು ಬದಿಯವರೆಗೆ ಹಾದ ಕಲೆ ದಪ್ಪವಾಗಿ ಉಬ್ಬಿ ತುರಿಸುತ್ತದೆ. ಚರ್ಮದಡಿ ತುಂಬಿಕೊಂಡ ದ್ರವವನ್ನು ಸೂಜಿಯಿಂದ ಹಲವು ಬಾರಿ ತೆಗೆಸಿದ್ದಾಗಿದೆ. ಬಸದಿಯಲ್ಲಿ ಬಗ್ಗಿ ನಮಸ್ಕರಿಸುವಾಗ ಹೊಟ್ಟೆ ಸೆಳೆಯುತ್ತದೆ. ಇಷ್ಟಾದರೂ ನೋವಿಗಿಂತ ಹೆಚ್ಚು ಬಾಧಿಸುವುದು ಅದನ್ನು ಯಾರಲ್ಲಿಯೂ ಹೇಳಿಕೊಳ್ಳಲಾಗದ ಸ್ಥಿತಿ. ಹೇಳಿದರೆ ಬರುವ ಉತ್ತರ ಆಕೆಗೆ ಗೊತ್ತು: 'ಬೇಕೆಂದೇ ತಂದುಕೊಂಡದ್ದಲ್ಲವೇನಮ್ಮ? ಕರ್ಮಫಲ, ಅನುಭವಿಸಲೇಬೇಕು.'

ಕೇಳಲು ಶಾಸ್ತ್ರದಂತಿರುವ ಈ ಮಾತು ಶಾಸ್ತ್ರವಲ್ಲ. ದೇಹದ ವೇದನೆ ಅಸಾತಾವೇದನೀಯ ಕರ್ಮದ ಉದಯವೆಂಬುದು ನಿಜ. ಆದರೆ ಅದೇ ಸಿದ್ಧಾಂತ ಸಂಕ್ರಮಣವನ್ನೂ ಹೇಳುತ್ತದೆ. ಅಸಾತವು ಸಾತವಾಗಿ ಮಾರ್ಪಡುವ ಅವಕಾಶವನ್ನು ಮುಚ್ಚಿಲ್ಲ. ಔಷಧಿ ಬಾಹ್ಯ ನಿಮಿತ್ತ. ಅದನ್ನು ನಿರಾಕರಿಸಬೇಕೆಂದಿದ್ದರೆ ಚತುರ್ವಿಧ ದಾನಗಳಲ್ಲಿ ಔಷಧದಾನಕ್ಕೆ ಸ್ಥಾನವೇ ಇರುತ್ತಿರಲಿಲ್ಲ. ಇನ್ನೊಂದು ಸಂಗತಿಯನ್ನು ಉಪದೇಶಕರು ಮರೆಯುತ್ತಾರೆ. ತನ್ನಲ್ಲಾಗಲಿ ಪರರಲ್ಲಾಗಲಿ ದುಃಖ, ಶೋಕ, ಆಕ್ರಂದನಗಳನ್ನು ಉಂಟುಮಾಡುವುದು ಅಸಾತಾವೇದನೀಯದ ಆಸ್ರವಕ್ಕೆ ಕಾರಣವೆಂದು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯ ತಿಳಿಸುತ್ತದೆ. ನೊಂದವಳನ್ನು ಇನ್ನಷ್ಟು ಅಳಿಸಿದವರ ಲೆಕ್ಕವೂ ಅಲ್ಲಿ ಬರೆಯಲ್ಪಡುತ್ತದೆ.

ಇಂಥ ಸಂದರ್ಭದಲ್ಲಿ ಸನತ್ಕುಮಾರ ಚಕ್ರವರ್ತಿಯ ಕಥೆಯನ್ನು ಎತ್ತಿಹೇಳುವವರೂ ಇದ್ದಾರೆ. ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳಲ್ಲಿ ಅದೂ ಒಂದು. ಕನ್ನಡಿಗರಿಗೆ ಹಳೆಯ ಪರಿಚಯ. ದೇವತೆಗಳೂ ನೋಡಲು ಬರುವಂಥ ರೂಪ, ಅದರ ನಶ್ವರತೆಯ ಅರಿವು, ವೈರಾಗ್ಯ, ಮುನಿದೀಕ್ಷೆ, ಬಳಿಕ ಮೈತುಂಬ ರೋಗ. ವೈದ್ಯನ ವೇಷದಲ್ಲಿ ಬಂದ ದೇವನಿಗೆ, ಸಂಸಾರವೆಂಬ ರೋಗವನ್ನು ಗುಣಪಡಿಸಬಲ್ಲೆಯಾ ಎಂದು ಆ ಮುನಿ ಕೇಳುತ್ತಾನೆ. ಕಥೆ ಮಹತ್ತರವಾದದ್ದೇ. ಆದರೆ ಚಿಕಿತ್ಸೆಯನ್ನು ಬೇಡವೆಂದವನು ಆರು ಖಂಡಗಳ ಭೂಮಿಯನ್ನು ತ್ಯಜಿಸಿದ ಮುನಿ. ಬೇಡವೆಂದದ್ದೂ ತಾನಾಗಿ, ತನ್ನ ದೇಹಕ್ಕೆ. ರೋಗಪರೀಷಹವನ್ನು ಗೆಲ್ಲುವುದು ಮುನಿಧರ್ಮ. ಮಕ್ಕಳನ್ನು ಶಾಲೆಗೆ ಕಳಿಸಿ ಅಡುಗೆಮನೆಯಲ್ಲಿ ಹೊಟ್ಟೆ ಹಿಡಿದು ನಿಂತ ಅಣುವ್ರತಿಯ ಮೇಲೆ ಅದನ್ನು ಹೊರಿಸುವ ಅಧಿಕಾರ ಯಾರಿಗೂ ಇಲ್ಲ.

ಅಶುಚಿ ಅನುಪ್ರೇಕ್ಷೆಯ ವಿಷಯವೂ ಹಾಗೆಯೇ. ರಕ್ತಮಾಂಸಗಳ ಈ ಒಡಲು ಅಶುಚಿಯೆಂದು ಚಿಂತಿಸುವುದು ಪ್ರತಿಯೊಬ್ಬರೂ ತಮ್ಮ ತಮ್ಮ ದೇಹವನ್ನು ಕುರಿತು ಮಾಡಬೇಕಾದ ಸಾಧನೆ. ಪರರ ಗಾಯದತ್ತ ತಿರುಗಿದೊಡನೆ ಅದು ಜುಗುಪ್ಸೆಯಾಗುತ್ತದೆ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ನಿರ್ವಿಚಿಕಿತ್ಸೆಗೆ ಉದಾಹರಣೆಯಾಗಿ ಉದ್ದಾಯನ ರಾಜನ ಹೆಸರು ಬರುತ್ತದೆ. ರೋಗಪೀಡಿತ ಮುನಿಯ ರೂಪದಲ್ಲಿ ಬಂದವನು ವಾಂತಿ ಮಾಡಿಕೊಂಡಾಗ ಅವನು ಹೇಸಲಿಲ್ಲ. ತನ್ನ ಆಹಾರದಲ್ಲೇ ದೋಷವಿದ್ದಿರಬೇಕೆಂದು ನೊಂದುಕೊಂಡ. ಈ ರೋಗ ಹೇಗೆ ಬಂತು, ಯಾರ ತಪ್ಪು ಎಂದು ಅವನು ವಿಚಾರಣೆ ನಡೆಸಲಿಲ್ಲ.

ಹಾಗೆಂದು ಆ ಶ್ರಾವಿಕೆಯ ಅಂತರಂಗದಲ್ಲಿ ಕೆಲಸವೇ ಇಲ್ಲವೆಂದಲ್ಲ. ಕನ್ನಡಿಯ ಮುಂದೆ ನಿಂತಾಗಲೆಲ್ಲ 'ಯಾಕಾದರೂ ಮಾಡಿಸಿಕೊಂಡೆ' ಎಂದು ಕೊರಗುವುದು, ವೇದನೆಯನ್ನೇ ಮೆಲುಕು ಹಾಕುವುದು ಆರ್ತಧ್ಯಾನ. ರೂಪದ ಮೋಹ ತನ್ನನ್ನು ಅಲ್ಲಿಗೆ ಒಯ್ದಿತೆಂದು ಆಕೆಗೆ ಅನ್ನಿಸಿದರೆ ಅದಕ್ಕೆ ಆಲೋಚನೆಯಿದೆ, ಪ್ರತಿಕ್ರಮಣವಿದೆ. ಗುರುಸನ್ನಿಧಿಯಲ್ಲಿ ಒಪ್ಪಿಸಿದ್ದನ್ನು ದಿನವೂ ಹೊಸದಾಗಿ ಹೊತ್ತು ತಿರುಗಬೇಕಾಗಿಲ್ಲ. ಅಲ್ಲದೆ ಹೆರಿಗೆಯಲ್ಲಿ ಬೇರ್ಪಟ್ಟ ಹೊಟ್ಟೆಯ ಸ್ನಾಯುಗಳನ್ನು ಇದೇ ಚಿಕಿತ್ಸೆಯಲ್ಲಿ ಹೊಲಿದು ಸೇರಿಸುವುದೂ ಉಂಟು. ಎಲ್ಲರೂ ಅಂದಕ್ಕಾಗಿಯೇ ಹೋದವರೆಂದು ತೀರ್ಮಾನಿಸುವುದು ಅನ್ಯಾಯ.

ಮತ್ತೊಮ್ಮೆ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕೆ ಎಂಬ ಪ್ರಶ್ನೆ ಬಂದಾಗ ವಿವೇಕಕ್ಕೆ ನಿಜವಾದ ಪರೀಕ್ಷೆ. ಕಲೆ ಮಾಗಲು ಒಂದು ವರ್ಷವೋ ಇನ್ನೂ ಹೆಚ್ಚೋ ಬೇಕಾಗುವುದರಿಂದ ವೈದ್ಯರು ಸಾಮಾನ್ಯವಾಗಿ ಅವಸರ ಮಾಡುವುದಿಲ್ಲ. ಆ ಅವಧಿಯಲ್ಲಿ ತನಗೆ ಬೇಕಾಗಿರುವುದು ನೋವಿನ ಪರಿಹಾರವೋ, ಹಳೆಯ ಪ್ರಾಯದ ರೂಪವೋ ಎಂದು ಸಾಮಾಯಿಕದಲ್ಲಿ ಕುಳಿತು ಕೇಳಿಕೊಳ್ಳಬಹುದು. ಮೊದಲನೆಯದಕ್ಕೆ ವೈದ್ಯರಲ್ಲಿ ಉಪಾಯವಿರಬಹುದು. ಎರಡನೆಯದು ಸನತ್ಕುಮಾರನಿಗೂ ಉಳಿಯಲಿಲ್ಲ. ಆದರೆ ಗಾಯ ಕೆಂಪೇರಿ ಕೀವು ಬಂದರೆ, ಜ್ವರ ಕಾಣಿಸಿಕೊಂಡರೆ ಕಾಯಬಾರದು. ಶಸ್ತ್ರಚಿಕಿತ್ಸೆಯಾದ ಹೊಸತರಲ್ಲಿ ಮೀನಖಂಡ ಊದಿಕೊಂಡರೆ, ಉಸಿರು ಕಟ್ಟಿದಂತಾದರೆ ಗಳಿಗೆಯೂ ತಡಮಾಡುವಂತಿಲ್ಲ; ರಕ್ತ ಹೆಪ್ಪುಗಟ್ಟಿರಬಹುದು. ಅದನ್ನು ಉಪಸರ್ಗವೆಂದು ಸಹಿಸುತ್ತ ಮನೆಯಲ್ಲಿ ಕೂರುವುದು ತಪಸ್ಸಲ್ಲ, ಅಜ್ಞಾನ. ದೇಹ ಬೇರೆ, ಆತ್ಮ ಬೇರೆ ಎಂಬ ಭೇದವಿಜ್ಞಾನ ಆಸ್ಪತ್ರೆಯ ಹಾಸಿಗೆಯ ಮೇಲೂ ಸಾಧ್ಯ.

ಇನ್ನು ನೆರೆಹೊರೆಯವರ ಪಾಲು. ಪರರ ದೋಷವನ್ನು ಮುಚ್ಚುವ ಉಪಗೂಹನ, ಕುಸಿಯುವವರನ್ನು ನಿಲ್ಲಿಸುವ ಸ್ಥಿತಿಕರಣ, ಸಹಧರ್ಮಿಗಳಲ್ಲಿ ವಾತ್ಸಲ್ಯ, ಇವೂ ಅದೇ ಎಂಟು ಅಂಗಗಳಲ್ಲಿ ಸೇರಿವೆ. ಪೂಜೆಯ ವೇಳೆ ಆಕೆ ಬಗ್ಗಲಾರದೆ ನಿಂತೇ ಕೈಮುಗಿದರೆ, ಕಾರಣ ಕೇಳದೆ ಹತ್ತಿರದಲ್ಲೊಂದು ಕುರ್ಚಿ ತಂದಿಡಬಹುದು.